ವಿಂಕೊನ ಗಟ್ಟಿ ರಕ್ತ

ಗೋರ್ನಿ ಬ್ರೆಗ್, 28 ಮೇ 2023

ಪ್ರಿಯ ಕ್ಲಿಮೆ,

ಬದುಕಿದ್ದೀಯಾ, ಇಲ್ಲ ಓಹ್ರಿದ್ ಸರೋವರದ ಮೀನುಗಳು ನಿನ್ನನ್ನು ತಿಂದು ಮುಗಿಸಿದವಾ? ಜನವರಿಯಲ್ಲಿ ಬಂದದ್ದೇ ನಿನ್ನ ಕೊನೆಯ ಪತ್ರ. ಆಮೇಲೆ ನಾನು ಎರಡು ಬರೆದೆ, ಎರಡಕ್ಕೂ ನೀನು ತುಟಿ ಪಿಟಕ್ಕೆನ್ನಲಿಲ್ಲ. ಪಿರೋತ್‌ನ ಸೈನ್ಯದ ಗ್ಯಾರೇಜಿನಲ್ಲಿ ಒಂದೇ ಲಾರಿಯ ಅಡಿಯಲ್ಲಿ ಮಲಗಿ ಮೈಗೆಲ್ಲ ಎಣ್ಣೆ ಬಳಿದುಕೊಂಡ ಕಾಲದಿಂದ ಇಲ್ಲಿಯವರೆಗೆ ನಲವತ್ತೊಂಬತ್ತು ವರ್ಷ. ನಮ್ಮಿಬ್ಬರದ್ದೂ ಒಂದೇ ಆಗಿದ್ದ ದೇಶ ಚೂರಾಗಿ ಅಂಚೆ ನಿಂತಾಗಲೂ ಹಂಗೇರಿ ಸುತ್ತಿಸಿ ಪತ್ರ ಹಾಕಿದವನು ನೀನು. ಈಗ ಏನು ಬಂತು ರೋಗ?

ನನ್ನ ಸಮಾಚಾರ ಕೇಳು. ಹೋದ ವರ್ಷ ದ್ರಾಕ್ಷಿ ತೋಟದ ದಿಬ್ಬ ಹತ್ತುವಾಗ ಮೂರು ಸಲ ಕೂರುತ್ತಿದ್ದೆ. ಊಟವಾದ ಕೂಡಲೇ ನಿದ್ದೆ. ಯಾವುದರಲ್ಲೂ ಮನಸ್ಸಿಲ್ಲ. ಉಳಿದದ್ದನ್ನು ನಾನು ಬರೆಯುವುದಿಲ್ಲ, ನೀನೂ ಗಂಡಸೇ, ಅರ್ಥಮಾಡಿಕೋ. ಬರೀಚಾ ಎಳೆದುಕೊಂಡು ಹೋಗಿ ಡಾಕ್ಟರ್ ಪಾವ್ಲೆಕ್ ಮುಂದೆ ಕೂರಿಸಿದಳು. ಅವರು ಎರಡು ದಿನ ಬೆಳಗ್ಗೆ ರಕ್ತ ತೆಗೆಸಿ, ಟೆಸ್ಟೋಸ್ಟೆರಾನ್ ತಳ ಹಿಡಿದಿದೆ ಎಂದು ಜೆಲ್ ಬರೆದುಕೊಟ್ಟರು. ಫೆಬ್ರವರಿಯಿಂದ ದಿನಾ ಬೆಳಗ್ಗೆ ಭುಜಕ್ಕೆ ಹಚ್ಚುತ್ತಿದ್ದೇನೆ. ಕ್ಲಿಮೆ, ನಾನು ಮತ್ತೆ ಮನುಷ್ಯನಾದೆ! ದಿಬ್ಬವನ್ನು ಒಂದೇ ಉಸಿರಿಗೆ ಹತ್ತುತ್ತೇನೆ. ಹಳೆಯ ಕಂಬಗಳನ್ನು ಕಿತ್ತು ಹೊಸದು ನೆಟ್ಟೆ. ಬರೀಚಾ ಪಕ್ಕದ ಮನೆಯವಳ ಹತ್ತಿರ ಹೇಳುತ್ತಿದ್ದಳಂತೆ: "ಎಲ್ಲರಿಗೂ ಅರವತ್ತಕ್ಕೆ ಅರಳು ಮರಳು, ನಮ್ಮನೆಯವನಿಗೆ ಎಪ್ಪತ್ತಕ್ಕೆ ಮೀಸೆ ಚಿಗುರ್ತಿದೆ ನೋಡು."

ಈಗ ದೊಡ್ಡ ಸುದ್ದಿ. ಏಪ್ರಿಲ್‌ನಲ್ಲಿ ತೊಂಬತ್ತೇಳನೆಯ ಸಲ ರಕ್ತ ಕೊಟ್ಟೆ. ನಮ್ಮ ಅಗ್ನಿಶಾಮಕ ಸಂಘದ ಗೋಡೆಯಲ್ಲಿರುವ ರಕ್ತದಾನಿಗಳ ಹಲಗೆ ನಿನಗೆ ಗೊತ್ತಲ್ಲ, ಪತ್ರದಲ್ಲಿ ಎಷ್ಟು ಸಲ ಬರೆದಿಲ್ಲ! ಅದರ ನೆತ್ತಿಯಲ್ಲಿ ಹದಿನೆಂಟು ವರ್ಷದಿಂದ ಒಂದೇ ಹೆಸರು: ಮುದುಕ ಅಂದ್ರಾಶ್, ತೊಂಬತ್ತೇಳು. ನಮ್ಮ ಕಮಾಂಡರ್ ಇಂಬ್ರೊನ ಅಪ್ಪ. ಈಗ ನಾನು ಅವನಿಗೆ ಸಮ. ಜುಲೈಯಲ್ಲಿ ತೊಂಬತ್ತೆಂಟು, ಅಕ್ಟೋಬರಿನಲ್ಲಿ ತೊಂಬತ್ತೊಂಬತ್ತು, ಜನವರಿಯಲ್ಲಿ ನೂರು. ಮಾರ್ಚ್ ಒಂಬತ್ತಕ್ಕೆ ನನಗೆ ಎಪ್ಪತ್ತು ತುಂಬುತ್ತದೆ, ಆಮೇಲೆ ನನ್ನ ರಕ್ತ ಯಾರಿಗೂ ಬೇಡ. ಲೆಕ್ಕ ಸರಿಯಾಗಿ ಕೂತಿದೆ.

ಮೂರು ತಿಂಗಳಿಗೊಮ್ಮೆ ಬಂದು ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಪಾವ್ಲೆಕ್ ಹೇಳಿದ್ದರು. ಯಾಕೆ ಬಸ್ಸು ಹತ್ತಲಿ? ಮೂರು ತಿಂಗಳಿಗೊಮ್ಮೆ ನರ್ಸ್ ಯಾಗೊದಾ ನನ್ನ ಬೆರಳು ಚುಚ್ಚಿ ನೋಡಿಯೇ ರಕ್ತ ತೆಗೆಯುತ್ತಾಳೆ. ಕೆಟ್ಟಿದ್ದರೆ ತೆಗೆಯುತ್ತಿದ್ದಳೇ? ಈ ದೇಶದಲ್ಲಿ ನನ್ನಷ್ಟು ತಪಾಸಣೆಯಾದ ಗಂಡಸು ಇನ್ನೊಬ್ಬನಿಲ್ಲ.

ಉತ್ತರ ಬರೆ, ಇಲ್ಲದಿದ್ದರೆ ನಾನೇ ಬಂದು ನಿನ್ನ ದೋಣಿ ಮುಳುಗಿಸುತ್ತೇನೆ.

ನಿನ್ನ ವಿಂಕೊ


ಓಹ್ರಿದ್, 19 ಜೂನ್ 2023

ವಿಂಕೊ,

ಬದುಕಿದ್ದೇನೆ. ಅಕ್ಷರ ಕೋಳಿ ಕಾಲಿನಂತಿದ್ದರೆ ಬೈಯಬೇಡ. ಮಾರ್ಚ್‌ನಲ್ಲಿ ದೋಣಿ ಎಳೆಯುವ ರಾಟೆಯ ಹಿಡಿ ಜಾರಿ ಬಂದು ಎದೆಗೆ ಬಡಿಯಿತು. ಎದೆಯ ಮೂಳೆಗೆ ತಂತಿ ಹಾಕಿ ಹೊಲಿದಿದ್ದಾರೆ. ಎರಡು ತಿಂಗಳು ಮನೆಯವಳು ಲೆನ್ಚೆ ನನಗೆ ಚಮಚೆ ಎತ್ತಲೂ ಬಿಡಲಿಲ್ಲ. ಈಗ ಪರವಾಗಿಲ್ಲ, ಬೆಳಗ್ಗೆ ದಡದ ಮೇಲೆ ಓಡಾಡುತ್ತೇನೆ. ಎಂಜಿನ್ ರಿಪೇರಿ ಅಂಗಡಿಯನ್ನು ಅಳಿಯನಿಗೆ ಬಿಟ್ಟಿದ್ದೇನೆ. ಅವನು ಸ್ಪ್ಯಾನರ್ ಹಿಡಿಯುವುದನ್ನು ನೋಡಿದರೆ ಎದೆನೋವು ಮತ್ತೆ ಬರುತ್ತದೆ, ಅದಕ್ಕೇ ಅತ್ತ ಹೋಗುವುದಿಲ್ಲ.

ನಿನ್ನ ಜೆಲ್ ವಿಚಾರ ಓದಿ ಹೊಟ್ಟೆ ಉರಿಯಿತು ಮಹಾರಾಯ, ಸುಳ್ಳು ಯಾಕೆ ಹೇಳಲಿ. ಲೆನ್ಚೆಗೆ ಓದಿ ಹೇಳಿದೆ. "ಹಳೇ ದೋಣಿಗೆ ಹೊಸ ಎಂಜಿನ್ ಕೂರಿಸಿದ್ರೆ ಹಲಗೆ ಬಿಟ್ಕೊಳ್ತದೆ ಅಂತ ನೀನೇ ಹೇಳ್ತಿದ್ದೆ" ಅಂದಳು.

ಒಂದು ಮಾತು. ನಿಮ್ಮಪ್ಪ ತೋಟದಲ್ಲಿ ಬುಟ್ಟಿ ಹೊತ್ತುಕೊಂಡೇ ಬಿದ್ದು ತೀರಿಕೊಂಡರಲ್ಲ, ಅರವತ್ತೊಂದಕ್ಕೆ. ಅದನ್ನು ಡಾಕ್ಟರಿಗೆ ಹೇಳಿದ್ದೀಯಾ?

ಇನ್ನೊಂದು. ನೀನು ಕೊಟ್ಟ ರಕ್ತ ಯಾರಿಗೆ ಹೋಯಿತು ಎಂದು ನಿನಗೆ ಯಾವಾಗಲಾದರೂ ಹೇಳುತ್ತಾರಾ? ಸುಮ್ಮನೆ ಕೇಳಿದೆ.

ಕ್ಲಿಮೆ


ಗೋರ್ನಿ ಬ್ರೆಗ್, 30 ಜುಲೈ 2023

ಪ್ರಿಯ ಕ್ಲಿಮೆ,

ತೊಂಬತ್ತೆಂಟು! ಹಲಗೆಯ ನೆತ್ತಿಯಲ್ಲಿ ಈಗ ನನ್ನ ಹೆಸರಿದೆ. ಇಂಬ್ರೊ ಏಣಿ ಹತ್ತಿ ಅವನ ಅಪ್ಪನ ಹೆಸರಿನ ತಗಡನ್ನು ಒಂದು ಮೆಟ್ಟಿಲು ಕೆಳಗಿಳಿಸಿದ. ಇಳಿಸುವಾಗ ಮುಖ ಹುಳಿ ದ್ರಾಕ್ಷಿ ಕಚ್ಚಿದವನ ಹಾಗಿತ್ತು. ಆದರೂ ಕೆಳಗೆ ಬಂದು ಕೈ ಕುಲುಕಿದ, "ಅಪ್ಪ ಇದ್ದಿದ್ರೆ ನಿನಗೆ ಎರಡು ಬೈದು ಒಂದು ಲೋಟ ಕುಡಿಸ್ತಿದ್ದ" ಅಂದ. ಆಮೇಲೆ ಎಂದಿನಂತೆ ಉದ್ದ ಮೇಜು, ಸಾಸೇಜ್ ಹಾಕಿದ ಬೀನ್ಸ್ ಸಾರು, ತಣ್ಣನೆಯ ವೈನ್. ಯಾಗೊದಾ ಬೆರಳು ಚುಚ್ಚಿ ಯಂತ್ರ ನೋಡಿ ಹುಬ್ಬೇರಿಸಿದಳು: "ವಿಂಕೊ ಮಾಮ, ಲೀಟರಿಗೆ ನೂರ ಎಪ್ಪತ್ತೆಂಟು ಗ್ರಾಂ! ಇಪ್ಪತ್ತರ ಹುಡುಗರಿಗೂ ಇಷ್ಟು ಹಿಮೋಗ್ಲೋಬಿನ್ ಇಲ್ಲ. ಏನ್ ತಿಂತೀರಿ?" ಎಲ್ಲರ ಎದುರಿಗೆ. ನಾನು ಏನೂ ಹೇಳದೆ ಮೀಸೆ ತಿರುವಿದೆ.

ಹೌದು, ಏನೂ ಹೇಳಲಿಲ್ಲ. ಫಾರಂನಲ್ಲಿ 'ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ' ಎಂದು ಒಂದು ಪ್ರಶ್ನೆ ಇರುತ್ತದೆ. ಇಲ್ಲ ಎಂದು ಗೀಟು ಹಾಕಿದೆ, ಏಪ್ರಿಲ್‌ನಲ್ಲೂ ಹಾಕಿದ್ದೆ. ನುಂಗುವುದು ಔಷಧಿ, ಹಚ್ಚಿಕೊಳ್ಳುವುದು ಮುಲಾಮು. ಅಷ್ಟಕ್ಕೂ ಇದು ಗಂಡಸಿನ ಮೈಯಲ್ಲಿ ಹುಟ್ಟಿನಿಂದ ಇರುವ ವಸ್ತುವೇ ತಾನೇ? ಇದ್ದದ್ದನ್ನು ತುಂಬಿಸಿಕೊಂಡರೆ ಅದು ಔಷಧಿ ಹೇಗಾಗುತ್ತದೆ?

ಅಪ್ಪನ ವಿಚಾರ ಡಾಕ್ಟರು ಕೇಳಿದರು. ಅಪಘಾತ ಎಂದೆ. ಬುಟ್ಟಿ ಭಾರವಿತ್ತು, ಬಿದ್ದರು, ಅಪಘಾತವಲ್ಲದೆ ಮತ್ತೇನು.

ಬರೀಚಾಳದ್ದು ಹೊಸ ರಾಗ: "ಮುಖ ಬೀಟ್‌ರೂಟ್ ಆಗಿದೆ ನಿನ್ದು. ಮದುವೆ ಉಂಗುರ ಬೆರಳಿಂದ ಬರ್ತಿಲ್ಲ. ಬೆಳಗ್ಗೆ ತಲೆನೋವು ಅಂತೀಯ. ಡಾಕ್ಟ್ರ ಹತ್ರ ಹೋಗು." ಬಿಸಿಲಲ್ಲಿ ದುಡಿಯುವವನ ಮುಖ ಕೆಂಪಾಗದೆ ಹಸಿರಾಗುತ್ತದೆಯೇ? ಉಂಗುರ ಬರದಿದ್ದರೆ ಒಳ್ಳೆಯದೇ, ಮದುವೆ ಗಟ್ಟಿ ಎಂದೆ. ಒದ್ದೆ ಬಟ್ಟೆ ಬೀಸಿ ಹೊಡೆದಳು.

ನನ್ನ ರಕ್ತ ಯಾರಿಗೆ ಹೋಯಿತು ಎಂದು ಕೇಳಿದ್ದೀಯಲ್ಲ, ಆ ಚುಚ್ಚುಮಾತು ನನಗೆ ಅರ್ಥವಾಗದೆ ಇಲ್ಲ. ಸೈನ್ಯದಲ್ಲಿ ಒಂದು ಬಾಟಲಿ ರಕ್ತಕ್ಕೆ ಒಂದು ದಿನ ರಜೆ ಎಂದಾಗ ಸೂಜಿ ನೋಡಿಯೇ ಬಿದ್ದವನು ನೀನು. ಅಂದಿನಿಂದ ನನ್ನನ್ನು 'ಹಾಲು ಕೊಡುವ ಹಸು' ಎಂದು ಆಡಿಕೊಳ್ಳುತ್ತಾ ಬಂದಿದ್ದೀಯ. ಯಾರಿಗೆ ಹೋಗುತ್ತದೆ ಎಂದು ಯಾರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ನನಗೆ ಹಲಗೆ ಸಾಕು.

ನಿನ್ನ ವಿಂಕೊ


ಓಹ್ರಿದ್, 25 ಆಗಸ್ಟ್ 2023

ವಿಂಕೊ,

ಹಲಗೆಯ ನೆತ್ತಿಗೇರಿದ್ದಕ್ಕೆ ಸಂತೋಷ. ನಾನು ಚುಚ್ಚಲಿಲ್ಲ, ನಿಜವಾಗಿಯೇ ಕೇಳಿದ್ದು. ಹೋಗಲಿ.

ನಾನು ಈಗ ದಿನಾ ಸರೋವರದಲ್ಲಿ ಈಜುತ್ತಿದ್ದೇನೆ, ಬಂದರಿನಿಂದ ಬಂಡೆಯವರೆಗೆ ಹೋಗಿ ಬರುತ್ತೇನೆ.

ಇಲ್ಲಿ ನನ್ನ ಪರಿಚಯದವನೊಬ್ಬ ಇದ್ದಾನೆ. ನಮ್ಮ ವಯಸ್ಸೇ. ಗಟ್ಟಿ ಆಳು. ಉಸಿರು ಸಿಕ್ಕಿಹಾಕಿಕೊಂಡರೆ ಸಿಗರೇಟು ಎನ್ನುತ್ತಿದ್ದ, ಎಡಗೈ ನೋವು ಬಂದರೆ ಸ್ಪ್ಯಾನರ್ ತಿರುಗಿಸಿದ್ದು ಎನ್ನುತ್ತಿದ್ದ. ಪ್ರತಿಯೊಂದಕ್ಕೂ ಅವನ ಹತ್ತಿರ ಒಂದು ಕಾರಣ ಸಿದ್ಧವಿತ್ತು, ಈಗ ನಿನ್ನ ಹತ್ತಿರ ಇರುವ ಹಾಗೆ. ಒಂದು ದಿನ ಕಾಫಿ ಲೋಟ ಹಿಡಿದುಕೊಂಡೇ ಕುಸಿದ. ಎದೆ ಸೀಳಿ ರಿಪೇರಿ ಮಾಡಿದರು. ಅವನಿಗೆ ಡಾಕ್ಟರು ಹೇಳಿದ್ದು: ರಕ್ತ ಗಟ್ಟಿಯಾದಷ್ಟೂ ಹೃದಯಕ್ಕೆ ದುಡಿಮೆ ಹೆಚ್ಚು. ಎಂಜಿನ್ ಎಣ್ಣೆ ಗಟ್ಟಿ ಕೀಲೆಣ್ಣೆಯಾದರೆ ಪಂಪಿನ ಗತಿಯೇನು ಎಂದು ನಾನು ನಿನಗೆ ಹೇಳಿಕೊಡಬೇಕಿಲ್ಲ.

ಆ ಪಾವ್ಲೆಕ್ ಹೇಳಿದ ಪರೀಕ್ಷೆ ಮಾಡಿಸಿಕೋ. ಒಂದು ಬಸ್ ಪ್ರಯಾಣ, ಅಷ್ಟೇ.

ಕ್ಲಿಮೆ


ಗೋರ್ನಿ ಬ್ರೆಗ್, 22 ಅಕ್ಟೋಬರ್ 2023

ಕ್ಲಿಮೆ,

ನನಗೆ ಅವಮಾನವಾಗಿದೆ. ನಿನ್ನ ಹತ್ತಿರವಲ್ಲದೆ ಇನ್ಯಾರ ಹತ್ತಿರ ಹೇಳಲಿ.

ನಿನ್ನೆ ರಕ್ತದಾನದ ದಿನ. ಬಿಳಿ ಅಂಗಿ ಹಾಕಿಕೊಂಡು ಹೋದೆ. ಯಾಗೊದಾ ಬೆರಳು ಚುಚ್ಚಿದಳು, ಯಂತ್ರ ನೋಡಿದಳು, ಇನ್ನೊಂದು ಬೆರಳು ಚುಚ್ಚಿದಳು. "ನೂರ ಎಂಬತ್ತಾರು. ಮಾಮ, ಇವತ್ತು ತಗೊಳ್ಳೋಕಾಗಲ್ಲ." ನಾನು ನಕ್ಕೆ, ಕಡಿಮೆ ಇದ್ದವರನ್ನು ಕಳಿಸುತ್ತೀರಿ, ಹೆಚ್ಚಿದ್ದವನನ್ನೂ ಕಳಿಸುತ್ತೀರಾ ಎಂದೆ. ಅವಳು ನಗಲಿಲ್ಲ. "ನೂರ ಎಂಬತ್ತು ದಾಟಿದ್ರೆ ನಾವು ಮುಟ್ಟಲ್ಲ. ನಾಳೆನೇ ಡಾಕ್ಟ್ರ ಹತ್ರ ಹೋಗಿ. ನಿಜ ಹೇಳಿ, ಏನಾದ್ರೂ ತಗೊಳ್ತಿದ್ದೀರಾ?" ಇಲ್ಲ ಎಂದೆ. ಹಿಂದೆ ಸಾಲಿನಲ್ಲಿ ಇಡೀ ಊರು ನಿಂತಿತ್ತು. ಬೀನ್ಸ್ ಸಾರಿಗೂ ಕೂರದೆ ಎದ್ದು ಬಂದೆ. ಅಂದ್ರಾಶ್ ಮುದುಕ ಗೋಡೆಯ ಮೇಲಿಂದ ನಕ್ಕಂತಾಯಿತು.

ಆದರೆ ನಾನು ಸುಲಭಕ್ಕೆ ಬಿಡುವವನಲ್ಲ. ಪಕ್ಕದ ಪಟ್ಟಣದಲ್ಲಿ ನವೆಂಬರ್ ಹದಿನೆಂಟಕ್ಕೆ ಶಿಬಿರ ಇದೆ. ಅಲ್ಲಿ ಯಾಗೊದಾ ಇಲ್ಲ. ಎರಡು ದಿನ ಮೂರು ಮೂರು ಲೀಟರ್ ನೀರು ಕುಡಿದರೆ ರಕ್ತ ತೆಳುವಾಗಿ ಅಳತೆ ಇಳಿಯುತ್ತದಂತೆ, ಲಾರಿ ಡ್ರೈವರ್ ಮಿಶ್ಕೊ ಹೇಳಿದ. ಅದು ತೊಂಬತ್ತೊಂಬತ್ತು. ಫೆಬ್ರವರಿ ಇಪ್ಪತ್ತಕ್ಕೆ ಅಲ್ಲೇ ನೂರು. ಮಾರ್ಚ್ ಒಂಬತ್ತಕ್ಕೆ ಮುಂಚೆ ಹದಿನೆಂಟು ದಿನ ಮಿಗುತ್ತದೆ.

ನಿನ್ನ ಆ ಪರಿಚಯದವನ ಹಾಗೆ ಕಾಫಿ ಲೋಟ ಎತ್ತಲಾರದೆ ಕುಸಿಯುವ ಪುಕ್ಕಲರ ಸಾಲಿಗೆ ನನ್ನನ್ನು ಸೇರಿಸಬೇಡ. ಅಂಥವರಿಗೆ ಮೊದಲೇ ದಮ್ಮಿರಲಿಲ್ಲ.

ವಿಂಕೊ


ಓಹ್ರಿದ್, 3 ನವೆಂಬರ್ 2023, ತುರ್ತು ಅಂಚೆ

ವಿಂಕೊ,

ಆ ಪುಕ್ಕಲ ನಾನೇ.

ರಾಟೆಯೂ ಇಲ್ಲ, ಹಿಡಿಯೂ ಜಾರಲಿಲ್ಲ. ಮಾರ್ಚ್ ಏಳಕ್ಕೆ ನಾನು ಅಡುಗೆಮನೆಯಲ್ಲಿ ಕುಸಿದೆ. ಸ್ಕೋಪ್ಯೆಯ ದೊಡ್ಡ ಆಸ್ಪತ್ರೆಗೆ ಒಯ್ದು ಎದೆ ಸೀಳಿ ಕಾಲಿನ ನರ ತೆಗೆದು ಹೃದಯಕ್ಕೆ ಮೂರು ಕಡೆ ಹೊಸ ದಾರಿ ಹಾಕಿದರು. ಗಂಟಲಿನಿಂದ ಹೊಟ್ಟೆಯವರೆಗೆ ನನಗೀಗ ಹೊಲಿಗೆಯ ಜಿಪ್ ಇದೆ. ಬಂಡೆಯವರೆಗೆ ಈಜುವುದು ಸುಳ್ಳು, ಮಂಡಿಯವರೆಗೆ ನೀರಿಗಿಳಿದರೆ ದಡದಲ್ಲಿ ಲೆನ್ಚೆ ಬಾಯಿ ಬಡಿದುಕೊಳ್ಳುತ್ತಾಳೆ. ನಿನಗೆ ಯಾಕೆ ಹೇಳಲಿಲ್ಲ? ನಾಚಿಕೆ. ಗೇರ್‌ಬಾಕ್ಸನ್ನು ಒಬ್ಬನೇ ಎತ್ತುತ್ತಿದ್ದ ನಿನಗೆ, ನಾನು ಹಾಲಿನ ಪಾತ್ರೆ ಎತ್ತಲಾರೆ ಎಂದು ಹೇಗೆ ಬರೆಯಲಿ? ನೀನು ಜೆಲ್ ಹಚ್ಚಿ ದಿಬ್ಬ ಹತ್ತುತ್ತಿದ್ದೇನೆ ಎಂದಾಗ ಸುಳ್ಳು ಇನ್ನೂ ಒಂದು ಮೆಟ್ಟಿಲು ಮೇಲೆ ಹೋಯಿತು.

ಈಗ ಮುಖ್ಯ ಮಾತು. ಆಪರೇಷನ್ ಮೇಜಿನ ಮೇಲೆ ನನಗೆ ರಕ್ತ ನಿಲ್ಲಲಿಲ್ಲವಂತೆ. ನಾಲ್ಕು ಬಾಟಲಿ ಕೊಟ್ಟರು. ಎಚ್ಚರವಾದ ಮೇಲೆ ಯಾರದ್ದು ಎಂದು ಕೇಳಿದೆ. ನರ್ಸ್ ಹೇಳಿದಳು: "ಯಾರೋ ನಾಲ್ಕು ಜನರದ್ದು ಅಜ್ಜ, ನಮಗೂ ಗೊತ್ತಿಲ್ಲ." ನಲವತ್ತೊಂಬತ್ತು ವರ್ಷ ನಿನ್ನನ್ನು ಹಸು ಎಂದು ಆಡಿಕೊಂಡವನು ನಾನು. ಆ ಹಾಸಿಗೆಯಲ್ಲಿ ಮಲಗಿ ಮಗುವಿನ ಹಾಗೆ ಅತ್ತೆ. ಜೂನ್‌ನಲ್ಲಿ ನಿನ್ನ ರಕ್ತ ಯಾರಿಗೆ ಹೋಯಿತು ಎಂದು ಕೇಳಿದ್ದು ಅದಕ್ಕೆ. ನನ್ನಂಥವನಿಗೇ ಹೋಯಿತು.

ನನ್ನ ನಾಲ್ವರಲ್ಲಿ ಒಬ್ಬನಾದರೂ ಫಾರಂನಲ್ಲಿ ಸುಳ್ಳು ಗೀಟು ಹಾಕಿದ್ದರೆ? ನನಗೆ ಏನಾಗುತ್ತಿತ್ತೋ ಗೊತ್ತಿಲ್ಲ, ಏನೂ ಆಗದೆಯೂ ಇರಬಹುದು. ಆದರೆ ಬಾಯಿ ತೆರೆದು ಮಲಗಿದವನಿಗೆ ಪ್ರಶ್ನೆ ಕೇಳಲು ಆಗುವುದಿಲ್ಲ ವಿಂಕೊ. ಅವನ ಪರವಾಗಿ ಕೇಳುವುದು ಆ ಫಾರಂ ಒಂದೇ.

ಪಟ್ಟಣಕ್ಕೆ ಹೋಗಬೇಡ. ನೂರ ಎಂಬತ್ತಾರು ಹೊಗಳಿಕೆಯಲ್ಲ. ನಿನ್ನ ಪಂಪು ಕೀಲೆಣ್ಣೆ ಎಳೆಯುತ್ತಿದೆ. ಡಾಕ್ಟರ ಹತ್ತಿರ ಹೋಗಿ ಜೆಲ್ಲನ್ನೂ ಹೇಳು, ಅಪ್ಪನನ್ನೂ ಹೇಳು. ಬೈಯುವುದಿದ್ದರೆ ಆಮೇಲೆ ಬೈ.

ಕ್ಲಿಮೆ


ಓಹ್ರಿದ್, 2 ಡಿಸೆಂಬರ್ 2023

ವಿಂಕೊ,

ನವೆಂಬರ್ ಹದಿನೆಂಟು ಕಳೆದು ಎರಡು ವಾರವಾಯಿತು. ಅಂಚೆಯವನು ಬಂದರೆ ಲೆನ್ಚೆ ನನಗಿಂತ ಮೊದಲು ಬಾಗಿಲಿಗೆ ಓಡುತ್ತಾಳೆ. ಕೋಪವಿದ್ದರೆ ಖಾಲಿ ಕಾಗದವನ್ನಾದರೂ ಹಾಕು. ಮೇಲೆ ನಿನ್ನ ಕೈಯಲ್ಲಿ ವಿಳಾಸವಿದ್ದರೆ ಸಾಕು.

ಕ್ಲಿಮೆ


ಗೋರ್ನಿ ಬ್ರೆಗ್, 12 ಡಿಸೆಂಬರ್ 2023

ಪ್ರಿಯ ಕ್ಲಿಮೆ,

ಬದುಕಿದ್ದೇನೆ. ಇದನ್ನು ಅಡುಗೆಮನೆಯ ಒಲೆಯ ಪಕ್ಕ ಕೂತು ಬರೆಯುತ್ತಿದ್ದೇನೆ. ಎದುರಿಗೆ ಬರೀಚಾ ಕಾವಲು.

ನಿನ್ನ ತುರ್ತು ಪತ್ರ ಓದಿ ನನಗೆ ಬಂದದ್ದು ಕರುಣೆಯಲ್ಲ, ಕೋಪ. ಎದೆ ಸೀಳಿಸಿಕೊಂಡದ್ದನ್ನು ಎಂಟು ತಿಂಗಳು ಮುಚ್ಚಿಟ್ಟು ನನ್ನ ಹತ್ತಿರ ರಾಟೆ ಕತೆ ಹೇಳಿದೆಯಲ್ಲ ಎಂಬ ಕೋಪ. ಫಾರಂ ವಿಚಾರ ಎತ್ತಿದ್ದಕ್ಕೆ ಇನ್ನೂ ಹೆಚ್ಚು ಕೋಪ, ಯಾಕೆಂದರೆ ಅದು ನಿಜ. ಪತ್ರವನ್ನು ಡ್ರಾಯರಿಗೆ ಎಸೆದು ಹಟಕ್ಕೆ ಬಿದ್ದು ನೀರು ಕುಡಿಯಲು ಶುರುಮಾಡಿದೆ. ಹದಿನೇಳನೆಯ ತಾರೀಖು, ಎರಡನೆಯ ದಿನದ ನೀರು ಹೊಟ್ಟೆಯಲ್ಲಿ ಕುಲುಕುತ್ತಿತ್ತು, ತೋಟದ ಗುಡಿಸಲಿನಿಂದ ಪೀಪಾಯಿ ಉರುಳಿಸಿಕೊಂಡು ಬರುತ್ತಿದ್ದೆ. ಎದೆಯೊಳಗೆ ಚೀಲದಲ್ಲಿ ಕಟ್ಟಿದ ಕೋಳಿ ಒದ್ದಾಡಿದ ಹಾಗಾಯಿತು. ನೋವಿಲ್ಲ. ಬಡಿತಕ್ಕೆ ಲಯವೇ ಇಲ್ಲ. ಅಪ್ಪ ಬಿದ್ದ ಜಾಗ ಅಲ್ಲಿಂದ ಹತ್ತು ಹೆಜ್ಜೆ. ಕ್ಲಿಮೆ, ನಾನು ಹೆದರಿದೆ. ಮೊದಲ ಸಲ ಹೇಳುತ್ತಿದ್ದೇನೆ, ಹೆದರಿ ನೆಲದ ಮೇಲೆ ಕೂತು ಬರೀಚಾ ಎಂದು ಕೂಗಿದೆ.

ಅವಳು ಬಂದಳು. ಅಳಲಿಲ್ಲ, ಬೈಯಲಿಲ್ಲ. "ಏಳ್ಬೇಡ. ಉಸಿರಾಡು. ಬಾಯಿ ಮುಚ್ಚು, ಮೂಗಲ್ಲಿ ಉಸಿರಾಡು" ಅಂದಳು. ಆಂಬುಲೆನ್ಸಿನಲ್ಲಿ ಕೂತ ಮೇಲೆ ಬೈಯಲು ಶುರುಮಾಡಿದವಳು ಇವತ್ತಿನವರೆಗೂ ನಿಲ್ಲಿಸಿಲ್ಲ.

ಆಸ್ಪತ್ರೆಯಲ್ಲಿ ಬಡಿತ ಮರುದಿನ ಬೆಳಗಿಗೆ ತಾನಾಗಿ ದಾರಿಗೆ ಬಂತು. ಪಾವ್ಲೆಕ್ ಬಂದರು. ಎಲ್ಲ ಹೇಳಿದೆ, ಜೆಲ್ ಹಚ್ಚಿಕೊಂಡು ಪರೀಕ್ಷೆಗೆ ಬರದಿದ್ದದ್ದು, ರಕ್ತದಾನವನ್ನೇ ಪರೀಕ್ಷೆ ಎಂದುಕೊಂಡದ್ದು, ಅಪ್ಪ. ಆ ಮನುಷ್ಯ ತಲೆ ಮೇಲೆ ಕೈ ಹೊತ್ತು ಕೂತರು. "ವಿಂಕೊ, ಬೆರಳು ಚುಚ್ಚೋದು ನಿಮ್ಮ ರಕ್ತ ಬೇರೆಯವ್ರಿಗೆ ಆಗುತ್ತಾ ಅಂತ ನೋಡೋಕೆ. ನಿಮಗೆ ಆಗುತ್ತಾ ಅಂತ ನೋಡೋದು ನನ್ನ ಕೆಲಸ. ಜೊತೆಗೆ ಇನ್ನೊಂದು ತಮಾಷೆ ಕೇಳಿ. ಈ ಜೆಲ್ ರಕ್ತ ಗಟ್ಟಿ ಮಾಡ್ತಿತ್ತು, ನೀವು ಮೂರು ತಿಂಗಳಿಗೊಂದು ಬಾಟಲಿ ಕೊಟ್ಟು ಅದನ್ನ ಮುಚ್ಚಿಡ್ತಿದ್ರಿ. ಕೊಡದೇ ಇದ್ದಿದ್ರೆ ಬೇಸಿಗೆಯಲ್ಲೇ ನನಗೆ ಸಿಕ್ತಿದ್ರಿ."

ಹಾಗಾದರೆ ಜೆಲ್ ವಿಷವೇ ಎಂದು ಬರೀಚಾ ಕೇಳಿದಳು. ನೀನೂ ಅದನ್ನೇ ಕೇಳುತ್ತೀಯ, ಅದಕ್ಕೇ ಅವರು ಹೇಳಿದ್ದನ್ನು ಸರಿಯಾಗಿ ಬರೆಯುತ್ತೇನೆ. "ವಿಷವೂ ಅಲ್ಲ, ಅಮೃತವೂ ಅಲ್ಲಮ್ಮ. ನಿಜವಾಗಿ ಕೊರತೆ ಇರೋರಿಗೆ, ತಪಾಸಣೆ ಮಾಡ್ಕೊಂಡು ಕೊಟ್ರೆ ಹೃದಯಾಘಾತ ಹೆಚ್ಚಾಗುತ್ತೆ ಅಂತ ದೊಡ್ಡ ಅಧ್ಯಯನದಲ್ಲಿ ಕಂಡಿಲ್ಲ. ಆದ್ರೆ ಬಡಿತ ತಪ್ಪೋದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟೋದು ಸ್ವಲ್ಪ ಹೆಚ್ಚು ಕಂಡಿದೆ. ಅದಕ್ಕೇ ಬನ್ನಿ ಬನ್ನಿ ಅಂತ ಕರೆಯೋದು. ಔಷಧಿ ಹಚ್ಚಿಕೊಂಡು ಡಾಕ್ಟ್ರಿಂದ ಓಡಿದ್ರೆ ತಪ್ಪು ಔಷಧೀದಾ?" ಜೆಲ್ ಸದ್ಯಕ್ಕೆ ನಿಂತಿದೆ. ಬಡಿತಕ್ಕೆ ಒಂದು ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಇನ್ನೊಂದು. ಮುಂದೆ ಬೇಕೆನಿಸಿದರೆ ಹೃದಯದ ಡಾಕ್ಟರ್ ಒಪ್ಪಿದ ಮೇಲೆ ಸ್ವಲ್ಪವೇ ಸ್ವಲ್ಪ ನೋಡೋಣ ಎಂದಿದ್ದಾರೆ.

ಈಗ ನಗುವಂಥದ್ದು. ರಕ್ತ ತೆಳುವಾಗಲಿ ಎಂದು ಸೂಜಿ ಹಾಕಿ ಅರ್ಧ ಲೀಟರ್ ತೆಗೆದರು. ಅಭ್ಯಾಸಬಲ, ಮುಷ್ಟಿ ಬಿಗಿದು ಬಿಟ್ಟು ಮಾಡುತ್ತಿದ್ದೆ. ಚೀಲ ತುಂಬಿತು. ಎಲ್ಲಿಗೆ ಕಳಿಸುತ್ತೀರಿ ಎಂದು ಕೇಳಿದೆ. ನರ್ಸ್ ಹುಡುಗಿ "ಕಸಕ್ಕೆ" ಎಂದಳು. "ಅಮ್ಮಾ, ಅದು ನನ್ನ ತೊಂಬತ್ತೊಂಬತ್ತು!" ಎಂದೆ. ಅವಳು ನನಗೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದಳು.

ಈ ಮಾತ್ರೆಗಳಿರುವವರೆಗೆ ನಾನು ರಕ್ತ ಕೊಡುವಂತಿಲ್ಲ, ಮಾರ್ಚ್‌ನಲ್ಲಿ ಎಪ್ಪತ್ತು. ನೂರು ಮುಗಿಯಿತು ಕ್ಲಿಮೆ. ಎರಡು ದಿನ ಗೋಡೆ ನೋಡಿಕೊಂಡು ಮಲಗಿದೆ. ಮೂರನೆಯ ದಿನ ಬರೀಚಾಳಿಗೆ ಹೇಳಿ ಡ್ರಾಯರಿನಿಂದ ನಿನ್ನ ಪತ್ರ ತರಿಸಿ ಮತ್ತೆ ಓದಿದೆ.

ಜಿಪ್ ಹಾಕಿಸಿಕೊಂಡ ಕಳ್ಳಾ, ಪುಕ್ಕಲ ಎಂದದ್ದಕ್ಕೆ ಕ್ಷಮಿಸು.

ನಿನ್ನ ವಿಂಕೊ


ಗೋರ್ನಿ ಬ್ರೆಗ್, 25 ಜನವರಿ 2024

ಪ್ರಿಯ ಕ್ಲಿಮೆ,

ಹೋದ ಶನಿವಾರ ಸಂಘದಲ್ಲಿ ರಕ್ತದಾನವಿತ್ತು. ನಾನು ನೂರು ಮುಟ್ಟಬೇಕಿದ್ದ ದಿನ. ಹೋಗದಿದ್ದರೂ ಯಾರೂ ಕೇಳುತ್ತಿರಲಿಲ್ಲ. ನನ್ನ ಹೃದಯದ ಸುದ್ದಿ ಅಷ್ಟರಲ್ಲಿ ಊರೆಲ್ಲ ಸುತ್ತಿ ನಮ್ಮ ಮನೆಗೇ ವಾಪಸ್ ಬಂದಿತ್ತು. ಇಂಬ್ರೊ ಎರಡು ದಿನ ಮೊದಲೇ ಬಂದು ಹೇಳಿದ್ದ: "ನೂರಾಗದಿದ್ರೆ ಬಿಡು, ತೊಂಬತ್ತೆಂಟೂ ನಮ್ಮ ಸಂಘದ ದಾಖಲೆನೇ. ಶನಿವಾರ ಊಟಕ್ಕೆ ಮುಂಚೆ ಎಲ್ಲರ ಎದುರು ನಿನಗೆ ಫಲಕ ಕೊಡ್ತೀವಿ. ಹೆಸರು ಕೆತ್ತಿಸಿ ಆಗಿದೆ."

ರಾತ್ರಿಯೆಲ್ಲ ಏನೂ ಯೋಚಿಸಲಿಲ್ಲ, ಚೆನ್ನಾಗಿ ನಿದ್ದೆ ಮಾಡಿದೆ. ಬೆಳಗ್ಗೆ ಬರೀಚಾಳಿಗೆ "ನನ್ನ ಜೊತೆ ಬಾ" ಎಂದೆ. ಅವಳು ಕೋಟು ಹಾಕಿಕೊಂಡಳು.

ಸೀದಾ ಯಾಗೊದಾಳ ಮೇಜಿಗೆ ಹೋಗಿ ಕೂತೆ. "ಚುಚ್ಬೇಡ. ಒಂದು ಮಾತು ಹೇಳೋಕೆ ಬಂದೆ" ಎಂದೆ. ಏಪ್ರಿಲ್ ಮತ್ತು ಜುಲೈಯಲ್ಲಿ ಜೆಲ್ ಹಚ್ಚಿಕೊಂಡೇ ಇಲ್ಲ ಎಂದು ಗೀಟು ಹಾಕಿದ್ದೆ, ಅಕ್ಟೋಬರಿನಲ್ಲಿ ನಿನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ ಎಂದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಆಗಿತ್ತು ನನ್ನ ಕತೆ. ಯಾಗೊದಾ ಪೆನ್ನು ಕೆಳಗಿಟ್ಟಳು. ಸಾಲಿನಲ್ಲಿದ್ದವರು ನಮ್ಮ ಕಡೆ ತಿರುಗಿದರು.

"ಯಾರಿಗಾದ್ರೂ ತೊಂದರೆ ಆಗಿರುತ್ತಾ?" ಎಂದು ಕೇಳಿದೆ. ನನಗೆ ಬೇಕಾಗಿದ್ದ ಉತ್ತರ ಅದೊಂದೇ.

"ತೊಂದರೆ ಆಗಿದೆ ಅಂತ ಎಲ್ಲಿಂದಲೂ ದೂರು ಬಂದಿಲ್ಲ. ನಾನು ಮೇಲೆ ತಿಳಿಸ್ತೀನಿ, ಅವರು ನೋಡ್ತಾರೆ" ಎಂದಳು. ಆಮೇಲೆ ದನಿ ತಗ್ಗಿಸಿ, "ಮಾಮ, ಯಾಕೆ ಹೇಳಿದ್ರಿ? ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಮ್ಯಾಸಿಡೋನಿಯಾದಲ್ಲಿ ನನಗೊಬ್ಬ ಗೆಳೆಯ ಇದ್ದಾನೆ, ಅವನೊಳಗೆ ನಾಲ್ಕು ಬಾಟಲಿ ಇದೆ" ಎಂದೆ. ಅವಳಿಗೆ ಏನು ಅರ್ಥವಾಯಿತೋ, ನನ್ನ ಕೈ ಹಿಡಿದು ಒತ್ತಿದಳು.

ಇಂಬ್ರೊ ಫಲಕ ಹಿಡಿದುಕೊಂಡು ಕಲ್ಲಿನಂತೆ ನಿಂತಿದ್ದ. ಆ ಎರಡನ್ನು ಕಳೆದುಬಿಡು, ನಿಮ್ಮಪ್ಪನನ್ನು ಮೇಲೆ ಹಾಕು ಎಂದೆ. "ಹುಚ್ಚು ಮುದುಕ, ಕೆತ್ತಿಸಿ ಆಗಿದೆ ಅಂದೆನಲ್ಲ!" ಎಂದು ಕಿರುಚಿದ. ಕಣ್ಣು ಒದ್ದೆಯಾಗಿತ್ತು. ಆಮೇಲೆ ಏಣಿ ತರಿಸಿದ. ಅಂದ್ರಾಶ್ ತೊಂಬತ್ತೇಳು ಮೇಲೆ, ನಾನು ತೊಂಬತ್ತಾರು ಕೆಳಗೆ. ಕೆಲವರು ತಲೆ ತಗ್ಗಿಸಿ ಸಾರು ಕುಡಿದರು. ಮಿಶ್ಕೊ ಮಾತ್ರ ಬಾಯಿ ಬಿಟ್ಟ: "ನನ್ನಪ್ಪಾ, ಸುಮ್ನಿದ್ದಿದ್ರೆ ರಾಜನಾಗ್ತಿದ್ದೆ." ಬರೀಚಾ ಸೌಟು ಎತ್ತಿ, "ರಾಜನ ಜೊತೆ ನೀನು ಸಂಸಾರ ಮಾಡ್ತೀಯಾ? ತಿನ್ನು ಸುಮ್ನೆ" ಎಂದಳು. ಮೇಜಿನಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ.

ನನಗೆ ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಲಗೆಯ ಕಡೆ ಇನ್ನೂ ನೇರವಾಗಿ ನೋಡಲು ಆಗುವುದಿಲ್ಲ. ಆದರೆ ಸೋಮವಾರ ನನ್ನ ಹೆಸರಿನ ಸಂತನ ಹಬ್ಬ. ಫಸಲು ತುಂಬಿ ಬರಲಿ ಎಂದು ಪದ್ಧತಿಯಂತೆ ದ್ರಾಕ್ಷಿ ಬಳ್ಳಿಗೆ ಸಾಸೇಜ್ ಕಟ್ಟಿ ಬುಡಕ್ಕೆ ಹಳೆಯ ವೈನ್ ಚಿಮುಕಿಸಿದೆವು. ಇಡೀ ಸಂಘ ದಿಬ್ಬ ಹತ್ತಿ ಬಂದಿತ್ತು. ನಾನು ದಾರಿಯಲ್ಲಿ ಎರಡು ಸಲ ಕೂತೆ. ಎರಡು ಸಲವೂ ಇಂಬ್ರೊ ನನ್ನ ಪಕ್ಕ ಕೂತ. ಕೂತಾಗ ಇಲ್ಲಿಂದ ಕಣಿವೆ ಇಷ್ಟು ಚೆನ್ನಾಗಿ ಕಾಣುತ್ತದೆ ಎಂದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಒಂದು ಲೋಟ ಕುಡಿದೆ, ಎರಡನೆಯದನ್ನು ಬರೀಚಾ ಕಸಿದುಕೊಂಡಳು. ಸುಖವಾಗಿದ್ದೇನೆ, ಕ್ಲಿಮೆ.

ನಿನ್ನ ವಿಂಕೊ


ಓಹ್ರಿದ್, 2 ಮಾರ್ಚ್ 2024

ಪ್ರಿಯ ವಿಂಕೊ,

ಒಂಬತ್ತಕ್ಕೆ ಮೊದಲೇ ಮುಟ್ಟಲಿ ಎಂದು ಈಗಲೇ ಹಾಕುತ್ತಿದ್ದೇನೆ. ಎಪ್ಪತ್ತು ತುಂಬಿದ್ದಕ್ಕೆ ಶುಭಾಶಯ, ಮುದುಕಾ.

ನಿನ್ನ ಜನವರಿ ಪತ್ರವನ್ನು ಬಂದರಿನ ಕಾಫಿ ಅಂಗಡಿಯಲ್ಲಿ ಗಟ್ಟಿಯಾಗಿ ಓದಿದೆ. ಓದುವ ಮೊದಲು ಅಂಗಿಯ ಗುಂಡಿ ಬಿಚ್ಚಿ ಎಲ್ಲರಿಗೂ ಜಿಪ್ ತೋರಿಸಿದೆ. ವರ್ಷದಿಂದ ಕುತ್ತಿಗೆವರೆಗೆ ಗುಂಡಿ ಹಾಕಿಕೊಂಡು ಸೆಖೆಯಲ್ಲಿ ಬೆಂದಿದ್ದೆ, ಸಾಕಾಗಿತ್ತು. ಓದಿ ಮುಗಿಸಿದಾಗ ಅಂಗಡಿಯ ನೌಮ್ ಕೇಳಿದ: "ಹಂಗಾದ್ರೆ ನಿನ್ನ ಗೆಳೆಯ ಗೆದ್ನಾ, ಸೋತ್ನಾ?" ಮನೆಗೆ ಬಂದು ಅದನ್ನೇ ಲೆನ್ಚೆಯನ್ನು ಕೇಳಿದೆ. ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ನಿನಗೆ ರಕ್ತ ಕೊಟ್ಟ ನಾಲ್ಕು ಜನ ಎಷ್ಟನೇ ಸಲ ಕೊಟ್ಟಿದ್ರು ಅಂತ ನಿನಗೆ ಗೊತ್ತಾ?"

ಗೊತ್ತಿಲ್ಲ ವಿಂಕೊ. ಒಬ್ಬರದ್ದು ಮೊದಲನೆಯದೇ ಇರಬಹುದು, ರಜೆಗಾಗಿ ಕೊಟ್ಟದ್ದೂ ಇರಬಹುದು. ನನಗೆ ಗೊತ್ತಿರುವುದು ಇಷ್ಟೇ: ಆ ದಿನ ಬೆಳಗ್ಗೆ ನನಗೆ ಎಚ್ಚರವಾಯಿತು, ನೀರು ಕೇಳಿದೆ, ಲೆನ್ಚೆ ಕೊಟ್ಟಳು.

ನೀನು ಕೊಟ್ಟ ತೊಂಬತ್ತಾರು ಬಾಟಲಿ ಹೋದ ಕಡೆಗಳಲ್ಲಿ ಎಲ್ಲೋ ಯಾರೋ ಹಾಗೆ ನೀರು ಕೇಳಿರುತ್ತಾರೆ. ಅವರಿಗೆ ನಿನ್ನ ಹೆಸರು ಗೊತ್ತಿಲ್ಲ, ಅವರ ಪರವಾಗಿ ನಾನು ಬರುತ್ತಿದ್ದೇನೆ. ಡಾಕ್ಟರು ಒಪ್ಪಿದ್ದಾರೆ, ಲೆನ್ಚೆಯೂ ಜೊತೆಗಿರುತ್ತಾಳೆ. ಶುಕ್ರವಾರ ಎಂಟನೆಯ ತಾರೀಖು ಮಧ್ಯಾಹ್ನದ ಬಸ್ಸಿನಲ್ಲಿ ಬಂದಿಳಿಯುತ್ತೇವೆ. ನಿಲ್ದಾಣಕ್ಕೆ ಬಾ, ಆದರೆ ಓಡಿ ಬರಬೇಡ. ನಾನೂ ಓಡುವುದಿಲ್ಲ. ಇಬ್ಬರೂ ನಿಧಾನಕ್ಕೆ ನಡೆದು ನಡುವೆ ಎಲ್ಲೋ ಸೇರೋಣ.

ನಿನ್ನ ಕ್ಲಿಮೆ